ಫೋರ್ಡ್ ಭವನದ ಆದಿತ್ಯವಾರಗಳು

ಉಪನ್ಯಾಸವು ಮುಗಿದೊಡನೆ ಅಧ್ಯಕ್ಷರು ಎದ್ದು, ಸಭಿಕರು ಪ್ರಶ್ನೆಗಳನ್ನು ಕೇಳಬಹುದು ಎನ್ನುತ್ತಾರೆ. ಸಭಿಕರು ಬಾಗಿಲ ಕಡೆಗೆ ನೋಡುತ್ತಾರೆ. ವಂದನಾರ್ಪಣೆಯಾಗುತ್ತದೆ. ನಮ್ಮ ಸಭೆಗಳಲ್ಲಿ ಇದು ರೂಢಿಯಾಗಿ ಹೋಗಿರುವುದರಿಂದ, ಪ್ರಶ್ನೆಯೇ ತಿರುಳಾಗಿದ್ದ ಒಂದು ಉಪನ್ಯಾಸಮಾಲೆ ಲೋಕದಲ್ಲಿ ನಡೆದಿತ್ತೆಂದರೆ ಥಟ್ಟನೆ ನಂಬಿಕೆ ಹುಟ್ಟಲಾರದು. ಅಂಥದೊಂದು ಅಮೆರಿಕದ ಬೋಸ್ಟನ್ ನಗರದಲ್ಲಿ 1908ರಲ್ಲಿ ಆರಂಭವಾಯಿತು. ಅದನ್ನು ಹುಟ್ಟುಹಾಕಿದವರು ವಿಶ್ವವಿದ್ಯಾಲಯದ ಪಂಡಿತರಲ್ಲ. ಬಾಪ್ಟಿಸ್ಟ್ ಪಂಥದ ಕ್ರೈಸ್ತ ಗೃಹಸ್ಥರು.

ಕಥೆಯ ಮೂಲ ಒಂದು ಉಯಿಲಿನಲ್ಲಿದೆ. ಡೇನಿಯಲ್ ಶಾರ್ಪ್ ಫೋರ್ಡ್ ಎಂಬವರು ಬೋಸ್ಟನ್ನಿನಲ್ಲಿ 'ಯೂತ್ಸ್ ಕಂಪ್ಯಾನಿಯನ್' ಎಂಬ ಪತ್ರಿಕೆಯ ಒಡೆಯರಾಗಿದ್ದರು. ಮಕ್ಕಳಿಗಾಗಿ ಹುಟ್ಟಿ, ಮನೆಮಂದಿಯೆಲ್ಲ ಓದುವಂತಾದ ಪತ್ರಿಕೆಯಿದು. ಅಮೆರಿಕದ ಶಾಲೆಗಳಲ್ಲಿ ಮಕ್ಕಳು ಧ್ವಜದ ಮುಂದೆ ನಿಂತು ಹೇಳುವ ಪ್ರತಿಜ್ಞೆಯ ವಾಕ್ಯವು ಮೊದಲು ಅಚ್ಚಾದದ್ದು 1892ರಲ್ಲಿ, ಈ ಪತ್ರಿಕೆಯ ಪುಟಗಳಲ್ಲಿಯೇ ಎಂಬುದು ನಮ್ಮಂಥ ಉಪಾಧ್ಯಾಯರಿಗೆ ಸ್ವಾರಸ್ಯವಾದ ಸಂಗತಿ. ಫೋರ್ಡರಿಗೆ ಹೆಸರಿನ ಹಂಬಲವಿರಲಿಲ್ಲ. ಪತ್ರಿಕೆಯನ್ನು ತಮ್ಮ ಹೆಸರಿನಲ್ಲಿ ಪ್ರಕಟಿಸದೆ 'ಪೆರಿ ಮೇಸನ್' ಎಂಬ ಕಲ್ಪಿತ ಹೆಸರಿನ ಕಂಪೆನಿಯ ಮರೆಯಲ್ಲಿ ಉಳಿದರು. 1899ರಲ್ಲಿ ತೀರಿಕೊಂಡಾಗ ಅವರು ತಮ್ಮ ಸಂಪತ್ತಿನ ದೊಡ್ಡ ಭಾಗವನ್ನು ಬೋಸ್ಟನ್ನಿನ ಬಾಪ್ಟಿಸ್ಟ್ ಸಂಘಕ್ಕೆ ಬರೆದಿಟ್ಟಿದ್ದರು. ಚರ್ಚಿನವರಿಗೂ ದುಡಿಯುವ ಜನರಿಗೂ ನಡುವೆ ಬೆಳೆಯುತ್ತಿದ್ದ ದೂರ ಅವರನ್ನು ಬಾಧಿಸಿತ್ತು. ಆ ದೂರವನ್ನು ತಗ್ಗಿಸುವ ಕಾರ್ಯಕ್ಕೆ ಈ ಹಣ ಸಲ್ಲಬೇಕೆಂಬುದು ಅವರ ಇಚ್ಛೆ. ಆ ಹಣದಿಂದ ಬೀಕನ್ ಗುಡ್ಡದ ಮೇಲೆ ಕಟ್ಟಡವೆದ್ದಿತು. ಜೀವಮಾನವೆಲ್ಲ ಹೆಸರನ್ನು ಮರೆಸಿಕೊಂಡವರ ಹೆಸರೇ ಆ ಕಟ್ಟಡಕ್ಕೆ ಬಂದಿತು!

ಕಟ್ಟಡವೇನೋ ಆಯಿತು, ಅದರೊಳಗೆ ಮಾಡತಕ್ಕದ್ದೇನು? ಸಂಘದವರೋ, ಸೇರಿ ಊಟಮಾಡಿ ಭಾಷಣ ಕೇಳುವ ಸಭ್ಯರು. ಬೋಸ್ಟನ್ನಿನ ಬೀದಿಗಳಲ್ಲಿಯಾದರೋ ರಷ್ಯದಿಂದ ಓಡಿಬಂದ ಯೆಹೂದ್ಯರು, ಇಟಲಿಯವರು, ಐರ್ಲೆಂಡಿನವರು, ಹೊಲಿಗೆಯ ಹಾಗೂ ಚರ್ಮದ ಕಾರ್ಖಾನೆಗಳ ಕೆಲಸಗಾರರು ಕಿಕ್ಕಿರಿದಿದ್ದರು. ಇವರನ್ನು ಪ್ರಾರ್ಥನೆಗೆ ಕರೆದರೆ ಬರುವವರಾರು? ಉತ್ತರ ಕಂಡುಕೊಂಡವರು ಜಾರ್ಜ್ ಕೋಲ್ಮನ್ ಎಂಬ ಬಾಪ್ಟಿಸ್ಟ್ ಗೃಹಸ್ಥರು. ನ್ಯೂಯಾರ್ಕಿನ ಕೂಪರ್ ಯೂನಿಯನ್ನಿನಲ್ಲಿ ಚಾರ್ಲ್ಸ್ ಸ್ಪ್ರೇಗ್ ಸ್ಮಿತ್ ಎಂಬ ಮಾಜಿ ಪ್ರಾಧ್ಯಾಪಕರು 1897ರಿಂದ 'ಪೀಪಲ್ಸ್ ಇನ್‌ಸ್ಟಿಟ್ಯೂಟ್' ಎಂಬ ಸಂಸ್ಥೆಯನ್ನು ನಡೆಸುತ್ತಿದ್ದರು. 1860ರಲ್ಲಿ ಲಿಂಕನ್ ಮಹಾಶಯರು ಮಾತಾಡಿದ್ದ ಅದೇ ಸಭಾಂಗಣದಲ್ಲಿ ಕೂಲಿಕಾರರು ಕುಳಿತು ಉಪನ್ಯಾಸ ಕೇಳಿ, ಬಳಿಕ ಎದ್ದು ಪ್ರಶ್ನಿಸುತ್ತಿದ್ದುದನ್ನು ಕೋಲ್ಮನ್ನರು ಕಣ್ಣಾರೆ ಕಂಡರು. ಬೋಸ್ಟನ್ನಿಗೆ ಮರಳಿ ಸಂಘದವರನ್ನು ಒಡಂಬಡಿಸಿದರು. 1908ರ ಫೆಬ್ರವರಿ 23ರ ಆದಿತ್ಯವಾರ ಸಂಜೆ ಫೋರ್ಡ್ ಭವನದಲ್ಲಿ ಮೊದಲ ಸಭೆ ಸೇರಿತು. ಮೊದಮೊದಲು ಬಂದವರು ಕೆಲವರೇ. ಕಾಲಕ್ರಮದಲ್ಲಿ ಜನರು ಬೀದಿಯಲ್ಲಿ ಸಾಲುನಿಂತು ಒಳಗೆ ಹೋಗುವಂತಾಯಿತು.

ಆ ಸಭೆಯ ಕ್ರಮವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ವಿಷಯದ ಸತ್ತ್ವವೆಲ್ಲ ಅಲ್ಲಿದೆ. ಪ್ರವೇಶಕ್ಕೆ ಶುಲ್ಕವಿಲ್ಲ. ಮೊದಲು ಸಂಗೀತ, ಅನಂತರ ಕೋಲ್ಮನ್ನರದೇ ಒಂದು ಚಿಕ್ಕ ಪ್ರಾರ್ಥನೆ. ಯೆಹೂದ್ಯರೂ ಕ್ಯಾಥೊಲಿಕರೂ ದೇವರನ್ನೇ ಒಪ್ಪದವರೂ ಒಟ್ಟಿಗೆ ಕುಳಿತಿರುವಲ್ಲಿ ಯಾರ ಮನಸ್ಸನ್ನೂ ನೋಯಿಸದ ಪ್ರಾರ್ಥನೆಯನ್ನು ಹೇಳುವುದು ಸುಲಭವಲ್ಲ. ಅವರ ಪ್ರಾರ್ಥನೆಗಳು ಮುಂದೆ ಪುಸ್ತಕವಾಗಿಯೂ ಬಂದವು. ಆಮೇಲೆ ಉಪನ್ಯಾಸ: ಕೂಲಿಯ ದರ, ಸ್ತ್ರೀಯರ ಮತದಾನ, ಸಮಾಜವಾದ, ವರ್ಣಭೇದ ಮೊದಲಾದ ವಿಷಯಗಳು. ಉಪನ್ಯಾಸ ಮುಗಿದ ಬಳಿಕ ಪ್ರಶ್ನೆಗಳ ವೇಳೆ. ಸಭಿಕನು ಪ್ರಶ್ನೆಯನ್ನು ಕೇಳಬಹುದು, ಭಾಷಣ ಮಾಡಕೂಡದು. ಅವನು ಕೇಳಿದ್ದನ್ನು ಅಧ್ಯಕ್ಷರು ಗಟ್ಟಿಯಾಗಿ ಮತ್ತೊಮ್ಮೆ ಹೇಳುವರು, ಆಮೇಲೆಯೇ ಉತ್ತರ.

ಹಿಂದಿನ ಬೆಂಚಿನ ಹುಡುಗನ ಪ್ರಶ್ನೆಯನ್ನು ಇಡೀ ತರಗತಿಗೆ ಕೇಳುವಂತೆ ತಿರುಗಿ ಹೇಳಿದ ಉಪಾಧ್ಯಾಯರಿಗೆ ಈ ಕ್ರಮದ ಬೆಲೆ ತಿಳಿದಿದೆ. ಹುಡುಗನ ಮುರುಕು ಮಾತು ಎಲ್ಲರ ಪ್ರಶ್ನೆಯಾಗಿಬಿಡುತ್ತದೆ. ನಗಲು ಹೊರಟವರು ಸುಮ್ಮನಾಗುತ್ತಾರೆ. ಇಂಗ್ಲಿಷನ್ನು ಆಗತಾನೆ ಕಲಿಯುತ್ತಿದ್ದ ರಷ್ಯದ ದರ್ಜಿಯೊಬ್ಬನು ಪ್ರಾಧ್ಯಾಪಕರೊಬ್ಬರನ್ನು ಪ್ರಶ್ನಿಸುವುದಕ್ಕೆ ಇದರಿಂದ ಎಷ್ಟು ಧೈರ್ಯ ಬಂದಿರಬೇಕು! ಪರಭಾಷೆಯ ನಡುವೆ ನಿಂತು ಮಾತಾಡುವವನ ಸಂಕೋಚವನ್ನು ಗಡಿನಾಡಿನ ನಾವು ಬೇರೆಯವರಿಂದ ಕೇಳಿ ತಿಳಿಯಬೇಕಾಗಿಲ್ಲ.

1915ರಲ್ಲಿ ಕೋಲ್ಮನ್ನರು ಈ ಸಭೆಗಳ ವೃತ್ತಾಂತವನ್ನು ಗ್ರಂಥರೂಪದಲ್ಲಿ ಹೊರತಂದರು. ಅಮೆರಿಕದ ಬೇರೆ ಊರುಗಳ ಚರ್ಚುಗಳೂ ಸಂಘಗಳೂ ಇದೇ ಮಾದರಿಯನ್ನು ಹಿಡಿದವು.

ಆದರೆ ವೇದಿಕೆಯನ್ನು ಕೊಟ್ಟವರಿಗೆ ವೇದಿಕೆಯ ಮೇಲಿನ ಮಾತು ಸದಾ ಹಿತವಾಗಿರುವುದುಂಟೇ? ಚರ್ಚಿನವರ ಹಣದಿಂದ ನಡೆಯುವ ಭವನದಲ್ಲಿ ಚರ್ಚನ್ನೇ ಖಂಡಿಸುವವರು ಚಪ್ಪಾಳೆ ಗಿಟ್ಟಿಸುತ್ತಿದ್ದರು. 1920ರ ದಶಕದ ಕೊನೆಗೆ ಬಾಪ್ಟಿಸ್ಟ್ ಸಂಘವು ತನ್ನ ಆಶ್ರಯವನ್ನು ಹಿಂತೆಗೆದುಕೊಂಡಿತು. ಉಪನ್ಯಾಸಮಾಲೆಯು ಸ್ವತಂತ್ರ ಸಂಸ್ಥೆಯಾಯಿತು. ಸಂಘದವರನ್ನು ಹೀಗಳೆಯಲು ನಮಗೆ ಮನಸ್ಸಿಲ್ಲ. ತಮಗೊಪ್ಪದ ಮಾತನ್ನು ತಮ್ಮದೇ ಛಾವಣಿಯ ಕೆಳಗೆ ಸುಮಾರು ಇಪ್ಪತ್ತು ವರ್ಷ ಆಡಗೊಟ್ಟವರು ಎಷ್ಟು ಮಂದಿ ಇದ್ದಾರೆ?

ಹೀಗೆ ಆಶ್ರಯ ತಪ್ಪಿದ ಕಾಲದಲ್ಲಿಯೇ ಅದರ ಅತ್ಯಂತ ಪ್ರಸಿದ್ಧವಾದ ಸಂಜೆ ಬಂದಿತು. ಸಂತಾನ ನಿಯಂತ್ರಣದ ಪ್ರಚಾರಕಿ ಮಾರ್ಗರೆಟ್ ಸ್ಯಾಂಗರ್ ಅವರು ಬೋಸ್ಟನ್ನಿನಲ್ಲಿ ಮಾತಾಡಲು ನಗರದ ಅಧಿಕಾರಿಗಳು ಎಡೆಗೊಡುತ್ತಿರಲಿಲ್ಲ. 1929ರ ಏಪ್ರಿಲ್ 16ರಂದು ಈ ಸಂಸ್ಥೆಯ ಔತಣಕೂಟಕ್ಕೆ ಅವರು ಬಂದರು. ಬಾಯಿಗೆ ಪಟ್ಟಿ ಕಟ್ಟಿಕೊಂಡು ವೇದಿಕೆಯ ಮೇಲೆ ನಿಂತರು. ಅವರು ಬರೆದು ತಂದಿದ್ದುದನ್ನು ಹಾರ್ವರ್ಡಿನ ಇತಿಹಾಸ ಪ್ರಾಧ್ಯಾಪಕ ಆರ್ಥರ್ ಶ್ಲೆಸಿಂಜರ್ ಅವರು ಓದಿ ಹೇಳಿದರು. ನಿಷೇಧವಿದ್ದುದು ಆ ಮಹಿಳೆಯ ಬಾಯಿಗೆ; ಪ್ರಾಧ್ಯಾಪಕರ ಬಾಯಿಗಲ್ಲವಷ್ಟೆ!

ಮುಂದಿನ ದಶಕಗಳಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರೂ, ಮಾಲ್ಕಮ್ ಎಕ್ಸ್ ಅವರೂ ಈ ಸಂಸ್ಥೆಯ ವೇದಿಕೆಯನ್ನು ಏರಿದರು. ಇವರ ವಿಚಾರಗಳಿಗೆ ತೀರ ದೂರವಾದ, ದೇವರನ್ನೂ ಸಮಾಜವಾದವನ್ನೂ ಒಟ್ಟಿಗೇ ತಿರಸ್ಕರಿಸಿದ ಲೇಖಕಿ ಏನ್ ರ್ಯಾಂಡ್ ಅವರು 1961ರಲ್ಲಿ ಮೊದಲು ಬಂದು, 1981ರವರೆಗೂ ಮತ್ತೆಮತ್ತೆ ಬಂದರು. ಬೀಕನ್ ಗುಡ್ಡದ ಮೇಲಿನ ಆ ಹಳೆಯ ಭವನ ಈಗಿಲ್ಲ. ಸಂಸ್ಥೆಯು ಬೇರೆಬೇರೆ ಸಭಾಂಗಣಗಳನ್ನು ಕಂಡು, ಈಚಿನ ವರ್ಷಗಳಲ್ಲಿ ಅದೇ ನಗರದ ಸಫೋಕ್ ವಿಶ್ವವಿದ್ಯಾಲಯದ ಆಶ್ರಯಕ್ಕೆ ಬಂದಿತು. ಫೋರ್ಡರ ಹೆಸರನ್ನು ಮಾತ್ರ ಬಿಟ್ಟುಕೊಡಲಿಲ್ಲ.