ಮಳಿ ತಂದಾಕಿ

2025ರ ಮೇ ತಿಂಗಳ ಕಡೀ ವಾರದಾಗ ನಮ್ಮ ತಮ್ಮನ ಮಗಳ ಮದಿವಿ ಊರಾಗ ಆತು. ಬಂದಾರಿಗೆ ಎಲ್ಲಾ ಗೊತ್ತೈತಿ, ಬರದಿದ್ದಾರಿಗೆ ಹೇಳತೀನಿ. ಅಕ್ಕಿಕಾಳು ಬೀಳೂದಕ್ಕೂ ಮಳಿ ಬೀಳೂದಕ್ಕೂ ಸರಿ ಹೋತು. ಪೆಂಡಾಲಿನ ಬಟ್ಟಿ ನೀರು ತುಂಬಿ ಹೊಟ್ಟಿ ಬಿಟ್ಟಂಗ ಜೋತು ಬಿತ್ತು. ಹುಡುಗೂರು ಬಿದಿರ ಗಳಾ ತಗೊಂಡು ಕೆಳಗಿಂದ ಎತ್ತಿದ್ರು. ಆ ನೀರೆಲ್ಲಾ ಹೋಗಿ ಸಾರಿನ ಪಾತೇಲಿಗೆ ಬಿತ್ತು. ಅಷ್ಟರಾಗ ಊಟದ ಪಂಕ್ತ್ಯಾಗ ಒಬ್ಬಾಕಿ ನಕ್ಕೋಂತ ಅಂದ್ಲು: "ಹುಡುಗಿ ಬಾಣಲಿ ನೆಕ್ಕಿರಬೇಕು ನೋಡ್ರಿ!"

ಎಲ್ಲಾರೂ ನಕ್ರು. ನಾನೂ ನಕ್ಕೆ ಅನ್ರಿ. ನನ್ನ ಬಾಜೂಕ ಕುಂತಿದ್ದ ನಮ್ಮವ್ವ ಮಾತ್ರ ನಗಲಿಲ್ಲ. ಆಕಿಗೆ ಈ ಮಾತು ಹೊಸಾದಲ್ಲ, ಅದಕ್ಕ ಇದನ್ನ ಬರಿಯಾಕ ಕುಂತೀನಿ.

ನಮ್ಮ ಕಡೆ ಮದಿವ್ಯಾಗ ಮಳಿ ಬಂದ್ರ ತಪ್ಪು ಮದುಮಗಳದು. ಬಾಣಲ್ಯಾಗ ಉಂಡಾಳ, ಇಲ್ಲಾಂದ್ರ ಹಸಿ ಅಕ್ಕಿ ಮುಕ್ಕ್ಯಾಳ ಅಂತಾರ. ಮದುಮಗ ಏನು ತಿಂದಿದ್ದ ಅಂತ ಯಾರೂ ಕೇಳಿದ್ದಿಲ್ಲ. ಹೆಣ್ಮಕ್ಕಳು ಬಡಿಸೂಕ್ಕಿಂತ ಮೊದಲ ಬಾಯಿಗೆ ಹಾಕ್ಕೋಬಾರದು ಅಂತ ಹುಟ್ಟಿಸಿದ ಮಾತಿದು ಅಂತ ನನಗನಸ್ತೈತಿ.

ಖರೆ ಹೇಳಬೇಕಂದ್ರ ಮಳಿಗೆ ಕರಿಯೋಲೆ ಕೊಟ್ಟಾವರು ನಮ್ಮ ಹಿರ್ಯಾರು. ನಮ್ಮದು ಎರಿಭೂಮಿ ಸೀಮಿ. ಹಿಂಗಾರಿ ಜ್ವಾಳಾ ಕೊಯ್ದು, ಕಣ ಮಾಡಿ, ಹಗೇವು ತುಂಬೂತನಕ ಯಾರಿಗೂ ಪುರಸೊತ್ತಿಲ್ಲ, ಕೈಯಾಗ ರೊಕ್ಕನೂ ಇಲ್ಲ. ಸುಗ್ಗಿ ಮುಗಿದ ಮ್ಯಾಲೆ ಎತ್ತು, ಚಕ್ಕಡಿ ಖಾಲಿ, ಆಳು ಖಾಲಿ, ಸಾಲಿಗೂ ಸೂಟಿ. ಮಿರಗ ಹೊಕ್ಕರ ಬಿತ್ತಿಗಿ, ಅದು ಜೂನ್ 7–8ಕ್ಕ. ಅದರ ಹಿಂದ ಆಷಾಢ, ಆಗ ಮದಿವಿ ಇಲ್ಲ. ಉಳಿದದ್ದು ಏಪ್ರಿಲ್, ಮೇ ಎರಡ ತಿಂಗಳು. ಪಂಚಾಂಗದಾಗ ಅದ ಹೊತ್ತಿಗೆ ಅಶ್ವಿನಿ, ಭರಣಿ, ಕೃತ್ತಿಕಾ, ರೋಹಿಣಿ ಮಳಿ. ಹದಿಮೂರು ಹದಿನಾಲ್ಕು ದಿನಕ್ಕೊಂದು ಮಳಿ ನಕ್ಷತ್ರ ಬದಲಿ ಆಗ್ತೈತಿ. ಮುಂಜಾನೆ ಬಿಸಲು ಸುಡತೈತಿ, ನೆಲ ಕಾದು ಹಸಿ ಗಾಳಿ ಮ್ಯಾಲೇರತೈತಿ, ಮೂರು ನಾಲ್ಕು ಗಂಟೆಕ್ಕ ಮಾಡ ಕಟ್ಟಿ, ಗಾಳಿ ಗುಡುಗು ಎದ್ದು ಅಡ್ಡಮಳಿ ಹೊಡಿತೈತಿ. ಕೆಲವೊಮ್ಮೆ ಆಣೆಕಲ್ಲೂ ಬೀಳತಾವು. ಹನ್ನೆರಡೂವರಿ ಅಕ್ಕಿಕಾಳಿನವ್ರು ಹೆಂಗೋ ಪಾರಾಗತಿದ್ರು, ಗೋಧೂಳಿ ಮುಹೂರ್ತದವ್ರು ಸಿಕ್ಕೊಂಬೀಳತಿದ್ರು.

ಹಂದರಾ ಅಂತೂ ಬಿಸಲಿಗೆ ಹಾಕೂದು, ಮಳಿಗಲ್ಲ. ಕಂಬಾ ನಿಲ್ಲಿಸಿ, ಗಳಾ ಕಟ್ಟಿ, ಮ್ಯಾಲೆ ಜ್ವಾಳದ ಕಣಕಿ ಹಾಸಿ, ಬೇವಿನ ತಪ್ಪಲ, ಮಾವಿನ ತಪ್ಪಲ ಹೊದಿಸಿದ್ರ ಕೆಳಗ ಎಷ್ಟು ತಂಪು ಅಂತೀರಿ! ಆದ್ರ ನಾಕು ಹನಿ ಬಿದ್ರ ಕಣಕ್ಯಾಗಿನ ಧೂಳ ಸಮೇತ ಇಳದು ಉಟ್ಟ ರೇಷ್ಮಿ ಸೀರಿ ಮ್ಯಾಲೆ ಕೆಂಪನ ಕಲಿ. ಬಾಸಿಂಗ ಬೆಂಡು, ಬಣ್ಣದ ಹಾಳಿದು, ತೊಯ್ದ್ರ ಮುಗಿತು. ಅಡಗಿ ಒಲಿ ಬಯಲಾಗ, ಕಟಿಗಿ, ಕುಳ್ಳು ಬಯಲಾಗ. ಮಳಿ ಬಂತಂದ್ರ ಗಂಡಸೂರು ಮೊದಲು ಓಡೂದು ಹಗೇವಿನ ಬಾಯಿ ಮುಚ್ಚಾಕ, ನೀರಿಳಿದ್ರ ವರ್ಷದ ಕಾಳು ಹೋದಂಗ. ಹೆಣ್ಣು ಗಂಡು ಆಮ್ಯಾಲೆ.

ಈಗ ಅವ್ವನ ಕತಿಗೆ ಬರ್ತೀನಿ. 1967ರ ಮೇ ಕಡೀಗೆ, ರೋಹಿಣಿ ಮಳಿ ಹೊಕ್ಕು ಎರಡು ದಿನಾ ಆಗಿತ್ತು. ಅವ್ವಗ ಹದಿನೇಳು ವರ್ಷ. ಆಗ ಇನ್ನೂ ನಮ್ಮದು ಮೈಸೂರು ರಾಜ್ಯ. ಗಂಡಿನ ಮನ್ಯಾಗ ಮದಿವಿ ಮಾಡೂ ಪದ್ಧತಿ ಇತ್ತು, ಹೆಣ್ಣಿನವ್ರು ನಿಬ್ಬಣ ಕಟಗೊಂಡು ಹೋಗಬೇಕು. ಒಂಬತ್ತು ಚಕ್ಕಡಿ. ನಡುವ ಬೆಣ್ಣಿಹಳ್ಳ.

ಬೆಣ್ಣಿಹಳ್ಳದ ಸ್ವಭಾವ ನಮ್ಮ ಕಡೆಯವ್ರಿಗೆ ಹೇಳಬೇಕಾಗಿಲ್ಲ. ಶಿಗ್ಗಾಂವಿ ಕಡೆ ಹುಟ್ಟಿ, ಕುಂದಗೋಳ, ಹುಬ್ಬಳ್ಳಿ, ನವಲಗುಂದ ಸೀಮಿ ದಾಟಿ, ರೋಣ ತಾಲೂಕಿನ್ಯಾಗ ಮಲಪ್ರಭಾ ಕೂಡತೈತಿ. ಬ್ಯಾಸಗ್ಯಾಗ ಹುಡುಗೂರು ಅದರಾಗ ಆಡತಾವು. ಮ್ಯಾಲೆಲ್ಲೋ ಮಳಿ ಹೊಡದ್ರ ಮಾತ್ರ, ನಮ್ಮ ತಲಿ ಮ್ಯಾಲೆ ಚುಕ್ಕಿ ಕಾಣತಿದ್ರೂ ಹಳ್ಳ ದಂಡಿ ಮೀರಿ ಬರ್ತೈತಿ. ಧಾರವಾಡ ಆಕಾಶವಾಣಿ 1950ರಾಗ ಶುರುವಾಗಿತ್ತು ಖರೆ, ಆದ್ರ ನಮ್ಮ ಅಜ್ಜನ ಮನ್ಯಾಗ ರೇಡಿಯೋ ಇದ್ದಿದ್ದಿಲ್ಲ. ಇದ್ದಿದ್ರೂ ಹಳ್ಳ ಎಷ್ಟೊತ್ತಿಗೆ ಬರ್ತೈತಿ ಅಂತ ಅದೇನು ಹೇಳತಿತ್ತು?

ಸಂಜಿ ಮುಂದ ಗಾಡಿ ಹೊಂಟಾವು, ಅರ್ಧ ದಾರ್ಯಾಗ ಮಳಿ. ಎರಿ ಮಣ್ಣು ಬ್ಯಾಸಗ್ಯಾಗ ಕಾಲು ಹೋಗೂವಷ್ಟು ಬಿರಕು ಬಿಟ್ಟಿರತೈತಿ, ಹಸಿ ಆತಂದ್ರ ಉಬ್ಬಿ ಅಂಟಾಗತೈತಿ. ಗಾಲಿಗೆ ಹತ್ತಿ ಹತ್ತಿ, ಆರಿಯಷ್ಟಿದ್ದ ಗಾಲಿ ಹಾಸಗಿ ಸುತ್ತಿದಂಗ ದಪ್ಪ ಆಗ್ಯಾವು ಅಂತ ಅವ್ವ ಹೇಳತಾಳ. ಎತ್ತು ಮೊಣಕಾಲೂರಿದ್ವು. ಹೆಣ್ಮಕ್ಕಳೆಲ್ಲಾ ಇಳದು, ಸೀರಿ ಎತ್ತಿ ಕಟಗೊಂಡು ನಡದ್ರು. ಅರಿಷಿಣ ಹಚ್ಚಿದ ಮದುಮಗಳನ್ನ ಮಾತ್ರ ಇಳಿಸಲಿಲ್ಲ, ತಲಿ ಮ್ಯಾಲೆ ಕಂಬಳಿ ಹೊಚ್ಚಿ ಕೂಡಿಸಿದ್ರು. ದಂಡಿಗೆ ಬಂದು ನೋಡಿದ್ರ ಹಳ್ಳ ಬಂದೈತಿ. ಆ ಕಡೆ ದಂಡ್ಯಾಗ ಗಂಡಿನವ್ರ ಗ್ಯಾಸಬತ್ತಿ ಕಾಣತಾವು, ಒದರಿದ್ರ ಕೇಳಿಸವಲ್ದು.

ರಾತ್ರಿಯೆಲ್ಲಾ ಅಲ್ಲೇ ಕುಂತ್ರು. ಕಟಗೊಂಡ ಬುತ್ತಿ, ಸಜ್ಜಿ ರೊಟ್ಟಿ, ಚಟ್ನಿ ಹಂಚಿಗೊಂಡು ತಿಂದ್ರು. ಮುಂಜಾನೆ ಆತು, ಮುಹೂರ್ತನೂ ದಾಟಿತು, ನೀರಿಳಿಲಿಲ್ಲ. ಇಳಿಹೊತ್ತಿಗೆ ನಾಲ್ಕು ಮಂದಿ ಹಗ್ಗಾ ಹಿಡದು ದಾಟಿಸಿದ್ರು. ಮರುದಿನ ಇನ್ನೊಂದು ಹೊತ್ತು ನೋಡಿ ಅಕ್ಕಿಕಾಳು ಹಾಕಿದ್ರು. ಬಾಸಿಂಗ ಕರಗಿ ಹೋಗಿತ್ತು, ಊರಾಗ ಯಾರದೋ ಮದಿವಿದು ಹಳೇದು ತಂದು ಕಟ್ಟಿದ್ರು.

ಆದ್ರ ಗಂಡಿನ ಮನ್ಯಾಗ ಹಿಂದಿನ ದಿನಾನ ಮೂರು ಚೀಲ ಗೋಧಿ ಹುಗ್ಗಿ ಕುದ್ದಿತ್ತು. ಅದು ಹುಳತು ದನಗಳ ಪಾಲಾತು. ಆ ಕಾಲದಾಗ ಹುಗ್ಗಿ ಅಂದ್ರ ಸಣ್ಣ ಮಾತಲ್ಲ. 1965, 1966 ಎರಡೂ ವರ್ಷ ದೇಶದಾಗ ಮಳಿ ಕೈ ಕೊಟ್ಟು, ಅಮೆರಿಕಾದಿಂದ ಹಡಗಿನ್ಯಾಗ ಗೋಧಿ ತರಿಸಿ ಮಂದಿಗೆ ಹಂಚತಿದ್ರು. ನಮ್ಮ ಅಜ್ಜಿ, ಅಂದ್ರ ಅಪ್ಪನ ಅವ್ವ, ಆ ಹುಗ್ಗಿ ಸುರವೂದನ್ನ ನೋಡಿ ಅಂದಿದ್ದು ಒಂದ ಮಾತು, "ಮಳಿ ತಂದಾಕಿ." ಸಿಟ್ಟಿನ್ಯಾಗ ಅಂದದ್ದು ಹೆಸರಾಗಿ ನಿಂತು ಬಿಟ್ತು. ನಾ ಸಣ್ಣಾಕಿದ್ದಾಗ ಓಣ್ಯಾಗಿನ ಮುದುಕ್ಯಾರು "ಮಳಿ ತಂದಾಕಿ ಮಗಳೇನ ನೀ?" ಅಂತ ಕೇಳತಿದ್ರು. ನನಗದು ಹೊಗಳಿಕಿ ಅನಸಿತ್ತು!

ರೋಹಿಣಿ ಮಳಿಯಾದ್ರ ಓಣಿಯೆಲ್ಲಾ ಜ್ವಾಳ ಅಂತ ಗಾದಿ ಐತಿ. ಆ ವರ್ಷ ಆ ಮಳಿ ಹಸೀಗೆ ಹೆಸರು ಬಿತ್ತಿದ್ರು, ಭಾಳ ಛಲೋ ಬಂತಂತ. ಎರಡು ವರ್ಷ ಬಾಯಿ ಬಾಯಿ ಬಿಟಗೊಂಡು ಕಾದ ಮಳಿ ಅದು. ಹುಗ್ಗಿ ಕೆಟ್ಟಿದ್ದು ಸೊಸಿ ಲೆಕ್ಕಕ್ಕ ಹೋತು, ಹೆಸರು ಬಂದಿದ್ದು ದೇವರ ಲೆಕ್ಕಕ್ಕ.

ಆಮ್ಯಾಲೆ ಎಲ್ಲಾ ಬದಲಾತು. ಮೊದಲು ತಾಡಪತ್ರಿ ಬಂತು, ಆಮ್ಯಾಲೆ ಬಾಡಿಗಿ ಶಾಮಿಯಾನ, ತಗಡಿನ ಪೆಂಡಾಲ. ಹಳ್ಳಕ್ಕ ಅಲ್ಲಲ್ಲಿ ಸೇತುವಿ ಆದ್ವು, ಚಕ್ಕಡಿ ಹೋಗಿ ಟ್ರ್ಯಾಕ್ಟರ್, ಟೆಂಪೋ ಆತು. ನನ್ನ ಮದಿವಿ ಹೊತ್ತಿಗೆ ತಾಲೂಕಿನ ಊರಾಗ ಕಲ್ಯಾಣ ಮಂಟಪ ಎದ್ದಿತ್ತು, ಹೊರಗ ಮಳಿ ಬಂದದ್ದು ಊಟಾ ಆದಮ್ಯಾಲೆ ಚಪ್ಪಲಿ ಹುಡುಕೂಮುಂದ ಗೊತ್ತಾತು. ನನಗ್ಯಾರೂ ಹೆಸರಿಡಲಿಲ್ಲ. ತಮ್ಮನ ಮಗಳು ಊರಾಗ, ನಮ್ಮ ಮನಿ ಮುಂದ ಆಗಬೇಕು ಅಂತ ಹಟಾ ಹಿಡದ್ಲು. ಮಳಿನೂ ಆ ವರ್ಷ ಅವಸರ ಮಾಡ್ತು, ಜೂನ್ 1ಕ್ಕ ಕೇರಳಕ್ಕ ಬರಬೇಕಾದ ಮುಂಗಾರು ಮೇ 24ಕ್ಕ ಬಂದಿತ್ತು. ಅದಕ್ಕೂ ಹುಡುಗಿ ಬಾಣಲಿ ನೆಕ್ಕೂದಕ್ಕೂ ಏನ ಸಂಬಂಧ ಐತಿ ಹೇಳ್ರಿ?

ಅವತ್ತ ರಾತ್ರಿ ಹಾಸಗಿ ಹಾಸೂಮುಂದ ಅವ್ವನ್ನ ಕೇಳಿದೆ, "ಅವ್ವಾ, ಖರೆ ಹೇಳು, ನೀ ಬಾಣಲಿ ನೆಕ್ಕಿದ್ದೇನು?"

"ನಮ್ಮನ್ಯಾಗ ಬಾಣಲಿ ಎಲ್ಲಿತ್ತ? ಕರಿಯೂದ ವರ್ಷಕ್ಕ ಎರಡು ಸಲ, ಅದೂ ಮಂದಿ ಮನ್ಯಾಗಿಂದ ಇಸಗೊಂಡು ಬಂದು" ಅಂದ್ಲು. ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮ್ಯಾಲೆ ಅಂದ್ಲು: "ಆದ್ರ ಮದಿವಿಗಂತ ತಂದ ಅಕ್ಕಿ ಒಂದ ಮುಷ್ಟಿ ತಿಂದಿದ್ನೆವಾ. ಜ್ವಾಳದ ಮನ್ಯಾಗ ಹುಟ್ಟಿದಾಕಿ, ಅಕ್ಕಿ ಹೆಂಗಿರತೈತಿ ನೋಡಬೇಕು ಅನಸಿತ್ತು. ನಿಮ್ಮ ಅಜ್ಜಿಗೆ ಗೊತ್ತಾಗಲಿಲ್ಲ ಕಡೀತನಕ."