ಭೂಮಿ (ಭೂದಾಖಲೆ ಯೋಜನೆ)

ಭೂಮಿ ಎಂಬುದು ಕರ್ನಾಟಕದ ಕೃಷಿ ಜಮೀನುಗಳ ಹಕ್ಕು ದಾಖಲೆಗಳನ್ನು ಗಣಕೀಕರಿಸಿ ನಿರ್ವಹಿಸುವ ಯೋಜನೆ. ಇದನ್ನು ರಾಜ್ಯದ ಕಂದಾಯ ಇಲಾಖೆ ನಡೆಸುತ್ತದೆ. ತಂತ್ರಾಂಶವನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ರೂಪಿಸಿತು. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳು ಇದರಡಿ ಗಣಕಕ್ಕೆ ಸೇರಿದವು.

ಹಿನ್ನೆಲೆ

ಉತ್ತರ ಕರ್ನಾಟಕದಲ್ಲಿ ಉತಾರ ಎಂದು ಕರೆಯಲಾಗುವ ಪಹಣಿಯಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಮಾಲೀಕರ ಹೆಸರು, ಬೆಳೆ ಹಾಗೂ ಜಮೀನಿನ ಮೇಲಿನ ಸಾಲದ ವಿವರಗಳಿರುತ್ತವೆ. ಬೆಳೆಸಾಲಕ್ಕೂ ಜಮೀನು ಮಾರಾಟಕ್ಕೂ ಇದು ಬೇಕೇಬೇಕು. ಗಣಕೀಕರಣಕ್ಕೆ ಮುನ್ನ ಈ ಕೈಬರಹದ ಪುಸ್ತಕಗಳು ಸುಮಾರು 9,000 ಗ್ರಾಮ ಲೆಕ್ಕಿಗರ ವಶದಲ್ಲಿದ್ದವು. ಪುಸ್ತಕವನ್ನು ನೋಡಬಲ್ಲವರೂ ತಿದ್ದಬಲ್ಲವರೂ ಬಹುಮಟ್ಟಿಗೆ ಅವರೊಬ್ಬರೇ ಆದುದರಿಂದ ವಿಳಂಬ, ಲಂಚ ಮತ್ತು ನಮೂದುಗಳ ತಿರುಚುವಿಕೆಗೆ ಅವಕಾಶವಿತ್ತು.

ಕಾರ್ಯವಿಧಾನ

2000ದ ದಶಕದ ಆರಂಭದಲ್ಲಿ ತಾಲ್ಲೂಕು ಕಚೇರಿಗಳಲ್ಲಿ ಭೂಮಿ ಕೇಂದ್ರಗಳು ತೆರೆದವು. ಅಲ್ಲಿ 15 ರೂಪಾಯಿ ಶುಲ್ಕ ನೀಡಿ ಯಾರು ಬೇಕಾದರೂ ಪಹಣಿಯ ಪ್ರತಿ ಪಡೆಯಬಹುದಾಯಿತು. ಕೈಬರಹದ ಪ್ರತಿಗಳು ಮಾನ್ಯತೆ ಕಳೆದುಕೊಂಡವು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಲೇವಾರಿ ಮಾಡುವಂತೆ ತಂತ್ರಾಂಶವು ಕಡ್ಡಾಯಗೊಳಿಸಿತು. ದಾಖಲೆ ತಿದ್ದುವ ಸಿಬ್ಬಂದಿ ಬೆರಳಚ್ಚು ನೀಡಬೇಕಾದುದರಿಂದ ಯಾವ ನಮೂದನ್ನು ಯಾರು ಮಾಡಿದರೆಂಬುದು ಉಳಿಯುತ್ತದೆ. ಮುಂದೆ ನೋಂದಣಿ ಇಲಾಖೆಯ ಕಾವೇರಿ ಹಾಗೂ ಭೂಮಾಪನದ ಮೋಜಿಣಿ ತಂತ್ರಾಂಶಗಳೊಡನೆ ಭೂಮಿಯನ್ನು ಜೋಡಿಸಲಾಯಿತು. ಹೀಗೆ ಪುಸ್ತಕ ಕಾಯುವುದಕ್ಕಿಂತ ಇತರ ಇಲಾಖೆಗಳಿಗೂ ಬ್ಯಾಂಕುಗಳಿಗೂ ಮಾಹಿತಿ ಒದಗಿಸುವುದು ಕಂದಾಯ ಇಲಾಖೆಯ ಮುಖ್ಯ ಕೆಲಸಗಳಲ್ಲೊಂದಾಯಿತು.

ಮಿತಿಗಳು ಮತ್ತು ಟೀಕೆ

ಪ್ರತಿ ಪಡೆಯುವುದು ಸುಲಭವಾದಷ್ಟು ತಿದ್ದುಪಡಿ ಸುಲಭವಾಗಲಿಲ್ಲ. ಗಣಕೀಕರಣದ ಬಳಿಕವೂ ಹಕ್ಕು ಬದಲಾವಣೆಗೆ ನೋಟಿಸು, ಆಕ್ಷೇಪಣೆಯ ಅವಧಿ ಮತ್ತು ಅಧಿಕಾರಿಯ ಆದೇಶ ಅಗತ್ಯವಾಗಿದ್ದವು. ಮಾಲೀಕರು ತೀರಿಕೊಂಡ ಬಳಿಕ ವಾರಸುದಾರರು ಪೌತಿ ಖಾತೆ ಮಾಡಿಸಿಕೊಳ್ಳದಿದ್ದರೆ ಗಣಕದಲ್ಲಿಯೂ ಮೃತರ ಹೆಸರೇ ಮುಂದುವರಿಯುತ್ತದೆ. ಅಣ್ಣತಮ್ಮಂದಿರ ಬಾಯಿಮಾತಿನ ಪಾಲುಗಳಂತೂ ಅದರಲ್ಲಿ ಕಾಣುವುದೇ ಇಲ್ಲ. ಅಂಥ ಕುಟುಂಬಕ್ಕೆ ಉಳುಮೆ ತನ್ನದಾಗಿದ್ದರೂ ಸಾಲ ಪಡೆಯುವುದು ಕಷ್ಟ.

ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ದಾಖಲೆಗಳ ಕೇಂದ್ರೀಕರಣದಿಂದ ಬೆಂಗಳೂರಿನ ಸುತ್ತಮುತ್ತ ಸಣ್ಣ ರೈತರಿಗಿಂತ ದೊಡ್ಡ ಭೂ ಖರೀದಿದಾರರಿಗೇ ಹೆಚ್ಚು ಅನುಕೂಲವಾಯಿತೆಂದು ವಾದಿಸಿತು. ಲಂಚದ ಇಳಿಕೆಯನ್ನಷ್ಟೇ ಅಳೆದ ಮೆಚ್ಚುಗೆಗಳು ಗಮನಿಸದ ಅಂಶವಿದು.

ಕಾನೂನು ಸ್ಥಾನ

ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ 133ನೇ ಪ್ರಕರಣದಂತೆ ಪಹಣಿಯ ನಮೂದನ್ನು ವಿರುದ್ಧ ಸಾಬೀತಾಗುವವರೆಗೆ ಸತ್ಯವೆಂದು ಭಾವಿಸಲಾಗುತ್ತದೆ. ಅದು ಮಾಲೀಕತ್ವದ ಅಂತಿಮ ಪುರಾವೆಯಲ್ಲ. ಗಣಕೀಕರಣವು ಈ ಸ್ಥಿತಿಯನ್ನು ಬದಲಿಸಿಲ್ಲ. ಒಡೆತನದ ವಿವಾದಗಳನ್ನು ಸಿವಿಲ್ ನ್ಯಾಯಾಲಯಗಳೇ ತೀರ್ಮಾನಿಸುತ್ತವೆ.