ಸಂಪರ್ಕ ಅದೇ, ಕರಾರು ಬೇರೆ

ದಿನದ ಡೇಟಾ ಮುಗಿದಾಗ ನೆಟ್ ಪೂರ್ತಿ ನಿಲ್ಲದೆ ಆಮೆ ನಡಿಗೆಗೆ ಇಳಿಯೋದನ್ನ ನೋಡಿರ್ತೀರಿ. ಸಂಪರ್ಕ ಕಡಿದಿರಲ್ಲ, ಅದರ ಕರಾರು ಮಾತ್ರ ಬದಲಾಗಿರುತ್ತೆ. ಈ ಕರಾರು ತಿದ್ದೋ ಹಕ್ಕು ಯಾರದು ಅನ್ನೋದಕ್ಕೂ ಒಂದು ಪುಟ್ಟ ಇತಿಹಾಸ ಇದೆ!

ಜಿಪಿಆರ್‌ಎಸ್ ಹುಟ್ಟಿದ್ದು ಜಿಎಸ್ಎಂನ 'ರಿಲೀಸ್ 97'ರಲ್ಲಿ. ಅಲ್ಲಿ ಈ ಕರಾರಿನ ಹೆಸರು 'ಪಿಡಿಪಿ ಕಾಂಟೆಕ್ಸ್ಟ್'. ಆದ್ಯತೆ, ವಿಳಂಬ, ವಿಶ್ವಾಸಾರ್ಹತೆ, ಗರಿಷ್ಠ ವೇಗ, ಸರಾಸರಿ ವೇಗ ಅಂತ ಐದು ಅಂಶಗಳು. ಸಂಪರ್ಕ ಶುರುವಾಗುವಾಗ ಫೋನು ತನಗೆ ಬೇಕಾದ್ದನ್ನು ಕೇಳಬಹುದಿತ್ತು. ಆಮೇಲೆ ತಿದ್ದೋಕೆ ಹೊರಡ್ತಾ ಇದ್ದದ್ದು ಎಸ್‌ಜಿಎಸ್‌ಎನ್ ಅನ್ನೋ ನೆಟ್‌ವರ್ಕಿನ ಯಂತ್ರ ಮಾತ್ರ. ಹೊಸ ಕರಾರು ಒಪ್ಪಿಗೆಯಾಗದಿದ್ದರೆ ಫೋನಿಗಿದ್ದದ್ದು ಒಂದೇ ದಾರಿ: ಸಂಪರ್ಕ ಕಡಿದುಕೊಳ್ಳೋದು.

3ಜಿಯ 'ರಿಲೀಸ್ 99' ಬಂದಾಗ ಫೋನಿಗೂ ಬಾಯಿ ಬಂತು. ಸಂಪರ್ಕ ನಡೀತಿರುವಾಗಲೇ ತಿದ್ದುಪಡಿ ಕೇಳಬಹುದಾಯ್ತು. ಕೊಡೋದು ಬಿಡೋದು ಮಾತ್ರ ನೆಟ್‌ವರ್ಕಿನ ಇಷ್ಟ. 2008ರಲ್ಲಿ ರೂಪುಗೊಂಡ ಎಲ್‌ಟಿಇಯಲ್ಲಿ ಹಾಗೂ 2018ರ ಹೊತ್ತಿಗೆ ಬಂದ 5ಜಿ ಮಾನಕದಲ್ಲೂ ಅಷ್ಟೇ: ಫೋನಿನದು ಅರ್ಜಿ, ನೆಟ್‌ವರ್ಕಿನದು ತೀರ್ಪು.

ಕಾರಣ ಇಲ್ಲದೆ ಇಲ್ಲ. ಒಂದು ಟವರಿನ ತರಂಗಗಳನ್ನು ಊರಿಗೆಲ್ಲ ಹಂಚಬೇಕಲ್ಲ! ಆದರೂ ಇಷ್ಟು ತಲೆಮಾರುಗಳಲ್ಲಿ ನಮ್ಮ ಫೋನಿಗೆ ಸಿಕ್ಕಿದ್ದು ಕೇಳುವ ಹಕ್ಕು ಮಾತ್ರ, ಕೊನೆಯ ಮಾತಲ್ಲ. ನೀವೇನಂತೀರಿ?